ಬ್ರೂವರಿ ಬಿಯರ್‌ನಲ್ಲಿ ಬಾಳೆಹಣ್ಣಿನ ವಾಸನೆ ಬಂದರೆ ಕೆಟ್ಟಿದೆಯಾ?

ಪ್ರಶ್ನೆ: ನನಗೆ 29 ವರ್ಷ. ಊರು ತಿಪಟೂರು ಕಡೆ, ಐದು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ. ಮೊದಲೆಲ್ಲ ತಿಂಗಳಿಗೊಮ್ಮೆ ಒಂದು ಸ್ಟ್ರಾಂಗ್ ಬಿಯರ್ ಕುಡಿಯುತ್ತಿದ್ದೆ, ಅಷ್ಟೇ. ಈಗ ಆಫೀಸಿನವರು ಹೆಚ್ಚುಕಡಿಮೆ ಪ್ರತಿ ಶುಕ್ರವಾರ ಮೈಕ್ರೊಬ್ರೂವರಿಗೆ (ಅಲ್ಲೇ ಬಿಯರ್ ಮಾಡಿ ಕೊಡುವ ಸಣ್ಣ ಜಾಗ) ಹೋಗುತ್ತಾರೆ. ಮೊದಲ ಸಲ ವೀಟ್ ಬಿಯರ್ ತರಿಸಿದೆ. ಮಬ್ಬಾಗಿತ್ತು, ಮಾಗಿದ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಕೆಟ್ಟಿದೆ ಅಂದೆ, ಎಲ್ಲರೂ ನಕ್ಕರು. ಇನ್ನೊಂದು ಜಾಗದಲ್ಲಿ ಲಾಗರ್ ಕುಡಿದಾಗ ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂತು. ಮತ್ತೆ ನಗುತ್ತಾರೆ ಎಂದು ಬಾಯಿ ಮುಚ್ಚಿಕೊಂಡು ಮೂರು ಗ್ಲಾಸ್ ಕುಡಿದೆ. ಮರುದಿನ ಹೊಟ್ಟೆ ಕೆಟ್ಟಿತು, ತಲೆನೋವು ಸಂಜೆವರೆಗೂ ಹೋಗಲಿಲ್ಲ. ಸ್ನೇಹಿತರು ಮಾತ್ರ ‘ಇದು ತಾಜಾ, ಕೆಮಿಕಲ್ ಇಲ್ಲ, ಗ್ಲಿಸರಿನ್ ಇಲ್ಲ, ಎಷ್ಟು ಕುಡಿದರೂ ಏನೂ ಆಗಲ್ಲ’ ಅನ್ನುತ್ತಾರೆ. ನಿಜವಾ? ಒಳ್ಳೆಯ ಬಿಯರ್ ಯಾವುದು, ಕೆಟ್ಟಿದ್ದು ಯಾವುದು ಅಂತ ತಿಳಿಯುವುದು ಹೇಗೆ? ಇನ್ನೊಂದು ವಿಷಯ. ಊರಲ್ಲಿ ನಮ್ಮ ಸೋದರಮಾವನಿಗೆ ಕಿಡ್ನಿಯಲ್ಲಿ ಕಲ್ಲಾಗಿದೆ. ಬಿಯರ್ ಕುಡಿದರೆ ಕರಗುತ್ತೆ ಎಂದು ಯಾರೋ ಹೇಳಿದ್ದಾರೆ. ಬಾಟಲಿ ಬಿಯರ್ ಬದಲು ಇದನ್ನೇ ಕೊಡಿಸಲಾ?

ಉತ್ತರ: ನಿಮ್ಮ ಮೂಗು ಸರಿಯಾಗಿದೆ. ಮೊದಲು ಅದನ್ನು ಹೇಳಬೇಕು. ಬಾಳೆಹಣ್ಣನ್ನೂ ಹಿಡಿದಿರಿ, ಬೆಣ್ಣೆಯನ್ನೂ ಹಿಡಿದಿರಿ. ಮೊದಲನೆಯದು ಆ ಬಿಯರ್‌ನಲ್ಲಿ ಇರಬೇಕಾದ ವಾಸನೆ, ಎರಡನೆಯದು ಇರಬಾರದ ವಾಸನೆ. ಯಾವುದು ಯಾವುದು ಎಂದು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ನಾನು ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಬಿಯರ್ ಮಾಡುವ ಕೆಲಸದಲ್ಲಿದ್ದೇನೆ. ಹೊಸದಾಗಿ ಸೇರಿದ ಹುಡುಗರಿಗೆ ಆ ಬೆಣ್ಣೆ ವಾಸನೆಯನ್ನು ಗುರುತಿಸಲು ಕಲಿಸುವುದಕ್ಕೇ ವಾರಗಳು ಬೇಕಾಗುತ್ತವೆ. ಕೆಲವರಿಗೆ ಎಷ್ಟು ಕಲಿಸಿದರೂ ಅದು ಗೊತ್ತಾಗುವುದೇ ಇಲ್ಲ, ಅವರ ಮೂಗೇ ಹಾಗೆ.

ಬಾಳೆಹಣ್ಣಿನ ವಿಷಯ ಮೊದಲು ಮುಗಿಸೋಣ. ನೀವು ಕುಡಿದದ್ದು ಬಹುಶಃ ಹೆಫೆವೈಜೆನ್. ಜರ್ಮನಿಯ ಬವೇರಿಯಾ ಕಡೆಯ ಬಗೆ. ಜರ್ಮನ್ ಭಾಷೆಯಲ್ಲಿ ಹೆಫೆ ಅಂದರೆ ಯೀಸ್ಟ್, ವೈಜೆನ್ ಅಂದರೆ ಗೋಧಿ. ಅರ್ಧಕ್ಕಿಂತ ಕಡಿಮೆಯಾಗದಷ್ಟು ಗೋಧಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಗೋಧಿ, ಹಾಕುತ್ತಾರೆ, ಸೋಸುವುದಿಲ್ಲ. ಗೋಧಿಯ ಪ್ರೋಟೀನ್ ಮತ್ತು ಯೀಸ್ಟ್ ಎರಡೂ ತೇಲುತ್ತಿರುತ್ತವೆ. ಅದಕ್ಕೇ ಮಬ್ಬು. ಅದಕ್ಕೆ ಹಾಕುವ ಯೀಸ್ಟ್ ತಳಿ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಎನ್ನುವುದನ್ನು ಬಿಡುತ್ತದೆ. ಮಾಗಿದ ಬಾಳೆಹಣ್ಣಿಗೆ ಆ ವಾಸನೆ ಕೊಡುವುದೂ ಅದೇ. ಒಳಗೆ ಹಣ್ಣು ಹಾಕಿಲ್ಲ, ಎಸೆನ್ಸ್ ಹಾಕಿಲ್ಲ. ಸ್ವಲ್ಪ ಗಮನವಿಟ್ಟು ಮೂಸಿದರೆ ಹಿಂದೆ ಲವಂಗವೂ ಸಿಗುತ್ತದೆ. ಅದೂ ಯೀಸ್ಟಿನದೇ ಕೆಲಸ. ವಿಟ್ ಎನ್ನುವ ಬೆಲ್ಜಿಯಂ ಬಗೆಯೂ ಹೀಗೇ ಮಬ್ಬು, ಆದರೆ ಅದಕ್ಕೆ ನಿಜವಾಗಿಯೂ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಹೆಚ್ಚುಕಡಿಮೆ ಅಳಿದೇ ಹೋಗಿದ್ದ ಆ ಬಗೆಯನ್ನು 1960ರ ದಶಕದಲ್ಲಿ ಹೂಗಾರ್ಡನ್ ಊರಿನ ಪಿಯರ್ ಸೆಲಿಸ್ ಮತ್ತೆ ಶುರು ಮಾಡಿದರು. ಮೊದಲು ಹಾಲು ಮಾರುತ್ತಿದ್ದವರು ಅವರು. ಇವತ್ತು ಇಂದಿರಾನಗರದಲ್ಲಿ ಕುಳಿತು ನಾವು ಆ ಬಿಯರ್ ಕುಡಿಯುತ್ತಿದ್ದರೆ ಅದಕ್ಕೆ ಅವರೇ ಕಾರಣ.

ಈಗ ಬೆಣ್ಣೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಬ್ರೂವರಿಯ ಒಳಗಿನ ಕಥೆ ಇದರಲ್ಲೇ ಇದೆ.

ಆ ವಾಸನೆಯ ಹೆಸರು ಡೈಅಸಿಟೈಲ್. ಹುದುಗುವಾಗ ಪ್ರತಿ ಬಿಯರ್‌ನಲ್ಲೂ ಅದು ಸ್ವಲ್ಪ ಹುಟ್ಟಿಯೇ ಹುಟ್ಟುತ್ತದೆ. ಕೊನೆಕೊನೆಗೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಆದರೆ ಅದಕ್ಕೆ ಸಮಯ ಕೊಡಬೇಕು. ಲಾಗರ್ ತಣ್ಣಗೆ, ಸುಮಾರು 8ರಿಂದ 12 ಡಿಗ್ರಿಯಲ್ಲಿ ಹುದುಗುವ ಬಿಯರ್. ಆ ಚಳಿಯಲ್ಲಿ ಯೀಸ್ಟ್ ಮಂದ. ಹಾಗಾಗಿ ಹುದುಗು ಮುಗಿಯುವ ಹೊತ್ತಿಗೆ ಟ್ಯಾಂಕನ್ನು 16-18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡುತ್ತೇವೆ. ಆಮೇಲೆ ಮತ್ತೆ ತಣಿಸಿ ವಾರಗಟ್ಟಲೆ ಇಡುತ್ತೇವೆ. ಏಲ್, ಅಂದರೆ ಬೆಚ್ಚಗೆ ಬೇಗ ಹುದುಗುವ ಬಿಯರ್, ಎರಡು ವಾರಕ್ಕೆ ಟ್ಯಾಪಿಗೆ ಬರಬಹುದು, ಒಳ್ಳೆಯ ಲಾಗರ್‌ಗೆ ಒಂದು ತಿಂಗಳಿಗಿಂತ ಜಾಸ್ತಿ ಬೇಕು. ಸಣ್ಣ ಬ್ರೂವರಿಯಲ್ಲಿ ಟ್ಯಾಂಕ್ ಇರುವುದು ಆರೋ ಎಂಟೋ. ವೀಕೆಂಡ್ ಬರುತ್ತಿದೆ, ಕೆಗ್ (ಬಿಯರ್ ತುಂಬಿಡುವ ಉಕ್ಕಿನ ಪೀಪಾಯಿ) ಖಾಲಿಯಾಗುತ್ತಿದೆ, ಮ್ಯಾನೇಜರ್ ಬಂದು ‘ಲಾಗರ್ ರೆಡಿನಾ’ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಒಂದು ಬ್ಯಾಚ್ ನಾಲ್ಕು ದಿನ ಮೊದಲೇ ಹೊರಗೆ ಹೋಯಿತು. ಸ್ಯಾಂಪಲ್ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ ಮೂಸುವ ಒಂದು ಪರೀಕ್ಷೆ ಇದೆ. ಅಡಗಿರುವ ಬೆಣ್ಣೆ ವಾಸನೆ ಆಗ ಹೊರಗೆ ಬರುತ್ತದೆ. ಖರ್ಚೇ ಇಲ್ಲದ ಪರೀಕ್ಷೆ. ಅವತ್ತು ಮಾಡಿದೆವು, ವಾಸನೆ ಬಂತು, ಆದರೂ ಬಿಯರ್ ಹೋಯಿತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಬೆಣ್ಣೆಗೆ ಇನ್ನೊಂದು ಕಾರಣವೂ ಇರುತ್ತದೆ. ಕೆಗ್‌ನಿಂದ ಟ್ಯಾಪಿಗೆ ಬಿಯರ್ ಬರುವ ಪೈಪನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ತೊಳೆಯದಿದ್ದರೆ ಒಳಗೆ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತವೆ. ಅವೂ ಇದೇ ಡೈಅಸಿಟೈಲ್ ಬಿಡುತ್ತವೆ, ಜೊತೆಗೆ ಹುಳಿ. ಕುಡಿಯುವವರು ಇದನ್ನು ಹೀಗೆ ಊಹಿಸಬಹುದು: ಬರೀ ಬೆಣ್ಣೆ ಬಂದರೆ ಅವಸರದ ಬಿಯರ್, ಬೆಣ್ಣೆಯ ಜೊತೆ ಹುಳಿಯೂ ಬಂದರೆ ಕೊಳಕು ಪೈಪು. ಪೂರ್ತಿ ಖಚಿತ ಅಲ್ಲ, ಆದರೆ ಹೆಚ್ಚಿನ ಸಲ ಸರಿಯಿರುತ್ತದೆ.

ಹಾಗಾದರೆ ಆ ಬಿಯರ್‌ನಿಂದಲೇ ನಿಮ್ಮ ಹೊಟ್ಟೆ ಕೆಟ್ಟಿತಾ? ಬೆಣ್ಣೆ ವಾಸನೆಯಿಂದ ಹಾಗಾಗುವುದು ಕಡಿಮೆ. ಬಿಯರ್ ಮಾಡುವಾಗ ಮಾಲ್ಟಿನ ರಸವನ್ನು ಸುಮಾರು ಒಂದು ಗಂಟೆ ಕುದಿಸುತ್ತೇವೆ. ಆಮೇಲೆ ಅದರಲ್ಲಿ ಆಲ್ಕೋಹಾಲ್ ಇರುತ್ತದೆ, ಹುಳಿ ಗುಣ ಇರುತ್ತದೆ, ಕಹಿ ಕೊಡುವ ಹಾಪ್ಸ್ ಎನ್ನುವ ಹೂವಿನ ಅಂಶ ಇರುತ್ತದೆ, ಗಾಳಿ ಇರುವುದಿಲ್ಲ. ಕಾಯಿಲೆ ತರುವ ಕ್ರಿಮಿಗಳು ಅದರಲ್ಲಿ ಬೆಳೆಯುವುದು ಕಷ್ಟ. ಬಿಯರ್ ಕೆಡುತ್ತದೆ, ಆದರೆ ಮೊಸರು ಹುಳಿಯಾದ ಹಾಗೆ ಕೆಡುತ್ತದೆ, ಸಾರು ಹಳಸಿದ ಹಾಗೆ ಅಲ್ಲ. ನಿಮ್ಮ ಹೊಟ್ಟೆಗೆ ಬೇರೆ ಕಾರಣಗಳು ಸಾಕಷ್ಟಿವೆ. ಆಲ್ಕೋಹಾಲ್ ತಾನೇ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ. ಜೊತೆಗೆ ಗ್ಯಾಸು, ಜೊತೆಗೆ ಕರಿದ ತಿಂಡಿ. ಸೋಸದ ಬಿಯರ್‌ನ ಯೀಸ್ಟ್ ಅಭ್ಯಾಸವಿಲ್ಲದವರಿಗೆ ಭೇದಿ ತರುವುದೂ ಉಂಟು. ಆದರೆ ಗೋಧಿ, ಬಾರ್ಲಿ ತಿಂದಾಗಲೆಲ್ಲ ನಿಮಗೆ ಹೊಟ್ಟೆ ಕೆಡುತ್ತದೆ ಅಂದರೆ ಬಿಯರನ್ನು ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ಗ್ಲುಟನ್ ಆಗದವರಿಗೆ ಮಾಮೂಲಿ ಬಿಯರ್ ಯಾವ ಬ್ರೂವರಿಯದಾದರೂ ಆಗುವುದಿಲ್ಲ.

ಗ್ಲಿಸರಿನ್ ಮಾತಿಗೆ ಬರೋಣ. ಬಾಟಲಿಯನ್ನು ನೀರಿನ ಲೋಟದಲ್ಲಿ ತಲೆಕೆಳಗೆ ಇಟ್ಟು, ಕೆಳಗೆ ಎಳೆಎಳೆಯಾಗಿ ಇಳಿಯುವುದನ್ನು ತೋರಿಸಿ ‘ನೋಡು, ಗ್ಲಿಸರಿನ್ ಹೋಯ್ತು’ ಅನ್ನುವುದನ್ನು ನೀವೂ ನೋಡಿರುತ್ತೀರಿ. ನನ್ನ ಮದುವೆ ಮನೆಯಲ್ಲೇ ಒಬ್ಬರು ನನಗೆ ಇದನ್ನು ಮಾಡಿ ತೋರಿಸಿದರು. ಕೆಳಗೆ ಇಳಿಯುವುದು ಗ್ಲಿಸರಿನ್ ಅಲ್ಲ, ಬಿಯರ್. ಹುದುಗದೆ ಉಳಿದ ಸಕ್ಕರೆ ಅಂಶ ಇರುವುದರಿಂದ ಬಿಯರ್ ಸಾಮಾನ್ಯವಾಗಿ ನೀರಿಗಿಂತ ಸ್ವಲ್ಪ ಭಾರ. ಭಾರದ್ದು ಇಳಿಯುತ್ತದೆ, ನೀರು ಮೇಲೆ ಹೋಗುತ್ತದೆ. ಒಂದು ಸಣ್ಣ ಬಾಟಲಿಗೆ ಬೆಲ್ಲದ ಪಾನಕ ತುಂಬಿ ಹೀಗೇ ಮಾಡಿ ನೋಡಿ, ಅದೇ ಎಳೆಗಳು ಇಳಿಯುತ್ತವೆ. ಗ್ಲಿಸರಿನ್ ಅಂತೂ ಯೀಸ್ಟ್ ಹುದುಗುವಾಗ ಲೀಟರಿಗೆ ಒಂದೆರಡು ಗ್ರಾಂ ತಾನಾಗಿ ಹುಟ್ಟುತ್ತದೆ. ಬಾಟಲಿ ಬಿಯರ್‌ನಲ್ಲೂ ಇದೆ, ನಾನು ಮಾಡುವ ಬಿಯರ್‌ನಲ್ಲೂ ಇದೆ. ಅದು ಬಿಯರ್‌ನಲ್ಲಿ ಪೂರ್ತಿ ಬೆರೆತಿರುತ್ತದೆ, ಬೇರೆಯಾಗಿ ಇಳಿಯುವುದಿಲ್ಲ, ಅಷ್ಟಕ್ಕೆ ಯಾರಿಗೂ ಏನೂ ಆಗುವುದಿಲ್ಲ. ಆ ಲೋಟದ ಆಟದಿಂದ ಆಗುವುದು ಒಂದೇ: ನಿಮ್ಮ ಬಾಟಲಿಗೆ ನೀರು ಸೇರುತ್ತದೆ.

ತಾಜಾ ಎನ್ನುವುದು ಸುಳ್ಳಲ್ಲ. ಮೈಕ್ರೊಬ್ರೂವರಿಯ ಬಿಯರ್ ಟ್ಯಾಂಕ್‌ನಿಂದ ನಿಮ್ಮ ಗ್ಲಾಸಿಗೆ ಇಪ್ಪತ್ತು ಮೂವತ್ತು ಅಡಿ ಪ್ರಯಾಣ ಮಾಡಿರುತ್ತದೆ. ಅಂಗಡಿಯ ಬಾಟಲಿಯನ್ನು ತಿಂಗಳುಗಟ್ಟಲೆ ಕೆಡದಿರಲಿ ಎಂದು ಬಿಸಿ ಮಾಡಿರುತ್ತಾರೆ, ಕೆಲವಕ್ಕೆ ಆಂಟಿಆಕ್ಸಿಡೆಂಟ್ ಹಾಕಿರುತ್ತಾರೆ. ಅದು ವಿಷವಲ್ಲ. ಆದರೆ ಬಿಸಿಲು, ಸೆಕೆ, ಲಾರಿ, ಗೋಡೌನ್ ಎಲ್ಲ ದಾಟಿ ಬರುವಾಗ ರುಚಿ ಸೊರಗುತ್ತದೆ. ಹಳೆಯ ಬಿಯರ್‌ಗೆ ಒದ್ದೆ ರಟ್ಟಿನ ವಾಸನೆ. ಹಸಿರು ಬಾಟಲಿಗೆ ಬಿಸಿಲು ಬಿದ್ದರೆ ಹಾಪ್ಸ್ ಕೆಟ್ಟು ಒಂಥರಾ ಕಮಟು. ತಾಜಾತನದಿಂದ ಸಿಗುವುದು ರುಚಿ. ಆರೋಗ್ಯ ಅಲ್ಲ. ನಿಮ್ಮ ಸ್ನೇಹಿತರು ಇವೆರಡನ್ನೂ ಒಂದೇ ಮಾಡಿದ್ದಾರೆ. ನಿಮಗೆ ತಲೆನೋವು ತಂದ ಕೆಮಿಕಲ್ ಆಲ್ಕೋಹಾಲೇ. ಅದು ಎಲ್ಲ ಬಿಯರ್‌ನಲ್ಲೂ ಒಂದೇ.

ಲೆಕ್ಕ ಹಾಕಿ ನೋಡಿ. 500 ಎಂಎಲ್ ಗ್ಲಾಸ್, ಶೇ. 5 ಆಲ್ಕೋಹಾಲ್. ಅಂದರೆ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್, 60 ಎಂಎಲ್ ವಿಸ್ಕಿಯಲ್ಲಿ ಇರುವಷ್ಟೇ. ಮೂರು ಗ್ಲಾಸ್ ಅಂದರೆ 60 ಗ್ರಾಂ. ಒಂದು ಕ್ವಾರ್ಟರ್ ವಿಸ್ಕಿ. ನೀವು ಅವತ್ತು ಒಂದು ಕ್ವಾರ್ಟರ್ ಕುಡಿದಿರಿ ಅಂದಿದ್ದರೆ ಮರುದಿನದ ತಲೆನೋವಿಗೆ ಯಾರೂ ಬೇರೆ ಕಾರಣ ಹುಡುಕುತ್ತಿರಲಿಲ್ಲ, ಅಲ್ವಾ? ನಿಮ್ಮ ಹಳೆಯ 650 ಎಂಎಲ್ ಸ್ಟ್ರಾಂಗ್ ಬಾಟಲಿ ಶೇ. 8 ಇದ್ದರೆ ಅದರಲ್ಲೂ 41 ಗ್ರಾಂ ಇರುತ್ತದೆ, ಒಂದು ನೈಂಟಿಗಿಂತ ಜಾಸ್ತಿಯೇ. ಆದರೆ ಅದು ತಿಂಗಳಿಗೊಮ್ಮೆ ಇತ್ತು. ಈಗ ವಾರಕ್ಕೆ ಮೂರು ಗ್ಲಾಸ್. ತಿಂಗಳ ಲೆಕ್ಕದಲ್ಲಿ ಆರು ಪಟ್ಟು ಆಗಿದೆ. ಬಿಯರ್ ಬದಲಾಗಿದ್ದಕ್ಕಿಂತ ಇದು ದೊಡ್ಡ ಬದಲಾವಣೆ.

ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಮೂರನೇ ಗ್ಲಾಸ್ ಇಳಿಸಿದರೆ ಬೆಳಗಿನವರೆಗೂ ಅದಕ್ಕೆ ಅದೇ ಕೆಲಸ. ಅಷ್ಟರಲ್ಲಿ ಮೈಯ ನೀರು ಮೂತ್ರವಾಗಿ ಹೋಗಿರುತ್ತದೆ, ನಿದ್ದೆ ತುಂಡುತುಂಡಾಗಿರುತ್ತದೆ. ಇದಕ್ಕೆ ತಾಜಾ, ಹಳತು ಎನ್ನುವ ಭೇದ ಇಲ್ಲ. ಗಾಡಿ ಓಡಿಸುವ ವಿಷಯದಲ್ಲಂತೂ ಇನ್ನೂ ಬಿಗಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. 70 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದೇ ಗ್ಲಾಸ್ ಬೇಗ ಕುಡಿದರೂ 40ರ ಹತ್ತಿರ ಹೋಗಬಹುದು. ಹೆಂಗಸರಿಗೆ, ತೂಕ ಕಡಿಮೆ ಇರುವವರಿಗೆ ಇನ್ನೂ ಜಾಸ್ತಿ. ಹಾಗಾಗಿ ‘ಒಂದೇ ಅಲ್ವಾ, ಬೈಕ್ ತಗೊಂಡು ಹೋಗ್ತೀನಿ’ ಎನ್ನುವುದು ಬೇಡ. ಆಟೊ, ಮೆಟ್ರೊ, ಕ್ಯಾಬ್ ಯಾವುದಾದರೂ ಸರಿ.

ಇನ್ನೂ ಒಂದು ಮಾತು ಹೇಳಲೇಬೇಕು, ನನ್ನ ಹೊಟ್ಟೆಪಾಡು ಇದೇ ಆಗಿದ್ದರೂ. ಆಲ್ಕೋಹಾಲ್ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲೇ ಇದೆ. ಇಷ್ಟು ಕುಡಿದರೆ ಅಪಾಯವೇ ಇಲ್ಲ ಎನ್ನುವ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಡಿಮೆ ಕುಡಿದರೆ ಅಪಾಯ ಕಡಿಮೆ, ಅಷ್ಟೇ. ಕುಡಿಯದವರು ಆಫೀಸಿನವರಿಗಾಗಿ ಶುರು ಮಾಡಬೇಕಿಲ್ಲ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು ಮುಟ್ಟಲೇಬಾರದು. ಸಕ್ಕರೆ ಕಾಯಿಲೆಗೆ, ನಿದ್ದೆಗೆ, ಸೋಂಕಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಇದರಲ್ಲಿ ಖುಷಿ ಪಡುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಬಹಳ ಇದೆ. ನಿಮ್ಮ ಮನೆಯಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ ಮಗುವಿಗೆ ಗಂಜಿ ಮಾಡುತ್ತಿದ್ದರಲ್ಲ, ಅದೇ ಮಾಲ್ಟ್. ಮೊಳಕೆ ರಾಗಿಯ ಗಂಜಿ ಸಕ್ಕರೆ ಹಾಕದಿದ್ದರೂ ಸ್ವಲ್ಪ ಸಿಹಿ, ಮಾಮೂಲಿ ಅಂಬಲಿಗಿಂತ ತೆಳು. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದೇ ಅದಕ್ಕೆ ಕಾರಣ. ಬಾರ್ಲಿಗೆ ನಾವು ಮಾಡುವುದೂ ಇದೇ. ಆ ಸಿಹಿ ರಸವನ್ನು ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್‌ಗೆ ಕೊಡುತ್ತೇವೆ. ದೋಸೆ ಹಿಟ್ಟು ರಾತ್ರಿ ಉಬ್ಬುವ ಹಾಗೆ ಅದೂ ಟ್ಯಾಂಕಿನಲ್ಲಿ ಉಬ್ಬುತ್ತದೆ. ನಾನು ರಾಗಿ ಹಾಕಿಯೂ ಬಿಯರ್ ಮಾಡಿದ್ದೇನೆ. ಸುಲಭ ಅಲ್ಲ. ರಾಗಿಗೆ ಬಾರ್ಲಿಯಷ್ಟು ಕಿಣ್ವದ ಬಲ ಇಲ್ಲ. ಬಾರ್ಲಿಯ ಸಿಪ್ಪೆ ಸೋಸುವಾಗ ಜರಡಿಯ ಹಾಗೆ ಕೆಲಸ ಮಾಡುತ್ತದೆ, ರಾಗಿಗೆ ಅಂಥ ಸಿಪ್ಪೆ ಇಲ್ಲ. ಕೆಳಗೆ ಮುದ್ದೆಯಾಗಿ ಕೂತುಬಿಡುತ್ತದೆ. ಭತ್ತದ ಹೊಟ್ಟು ಬೆರೆಸಿ ದಾರಿ ಬಿಡಿಸಬೇಕು. ಆದರೂ ಗ್ಲಾಸಿನಲ್ಲಿ ಹುರಿದ ರಾಗಿಯ ಘಮ ಬಂದಾಗ ಆಗುವ ಖುಷಿಯೇ ಬೇರೆ. ಸಿಕ್ಕಿಂ ಕಡೆ ರಾಗಿಯಿಂದಲೇ ತೋಂಗ್ಬಾ ಎನ್ನುವ ಹುದುಗಿಸಿದ ಪಾನೀಯ ಮಾಡುತ್ತಾರೆ, ನಮಗೂ ಈ ಧಾನ್ಯ ಹೊಸದಲ್ಲ.

ಬಿಯರೂ ಬೆಂಗಳೂರಿಗೆ ಹೊಸದಲ್ಲ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣದ ಹಲವು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಸಣ್ಣ ಬ್ರೂವರಿಗಳ ಗಾಳಿ ಬೀಸಿದ್ದು ಮಾತ್ರ ತಡವಾಗಿ. ಪುಣೆಯಲ್ಲಿ ಡೂಲಾಲಿ 2009ರಲ್ಲಿ ಶುರುವಾಯಿತು. ಅದರ ಬೆನ್ನಿಗೇ ಇಲ್ಲಿ ಟಾಯಿಟ್, ಬಿಯರ್ ಕ್ಲಬ್, ವಿಂಡ್‌ಮಿಲ್ಸ್, ಅಮೆರಿಕದ ಮಿಷಿಗನ್‌ನಿಂದ ಬಂದ ಆರ್ಬರ್. ಟಾಯಿಟ್‌ನವರು ಬಾಸ್ಮತಿ ಅಕ್ಕಿ ಹಾಕಿ ಮಾಡುವ ಬಿಯರ್ ಈಗ ಎಲ್ಲರಿಗೂ ಗೊತ್ತು. ಚಿಕ್ಕಮಗಳೂರು ಕಾಫಿ ಹಾಕಿದ ಸ್ಟೌಟ್ ಎನ್ನುವ ಕಪ್ಪು ಬಿಯರ್, ಬೇಸಿಗೆಯಲ್ಲಿ ಮಾವು, ಒಮ್ಮೊಮ್ಮೆ ಕೋಕಂ, ಇವೆಲ್ಲ ದೊಡ್ಡ ಕಾರ್ಖಾನೆಯಲ್ಲಿ ಹುಟ್ಟುವುದು ಕಷ್ಟ. ಒಂದು ಟ್ಯಾಂಕ್ ಮಾಡಿ ನೋಡೋಣ ಅನ್ನುವ ಧೈರ್ಯ ಸಣ್ಣ ಜಾಗಕ್ಕೇ ಬರುತ್ತದೆ. ಬೆಲೆ ಜಾಸ್ತಿ ಇರುವುದಕ್ಕೂ ಈ ಸಣ್ಣ ಗಾತ್ರವೇ ಒಂದು ಕಾರಣ. ಉಳಿದದ್ದು ಲೈಸೆನ್ಸ್, ತೆರಿಗೆ, ಬಾಡಿಗೆ, ಹೊರದೇಶದ ಹಾಪ್ಸ್. ರಸ ತೆಗೆದ ಮೇಲೆ ಉಳಿಯುವ ಧಾನ್ಯವನ್ನು ಬೆಳಿಗ್ಗೆ ಹಸು ಸಾಕಿದವರು ಬಂದು ಒಯ್ಯುತ್ತಾರೆ. ಇನ್ನೂ ಬಿಸಿಯಾಗಿರುತ್ತದೆ, ಇಡೀ ಬೀದಿಗೆ ಹಾರ್ಲಿಕ್ಸ್ ಘಮ.

ನಿಮಗೆ ಏನು ಮಾಡಿ ಎಂದು ಹೇಳಲಿ? ದೊಡ್ಡ ಗ್ಲಾಸ್ ತರಿಸುವ ಮೊದಲು ಸ್ಯಾಂಪ್ಲರ್ ಕೇಳಿ. ಸಣ್ಣ ಲೋಟದಲ್ಲಿ ನಾಲ್ಕೈದು ಬಗೆ ಕೊಡುತ್ತಾರೆ. ಒಟ್ಟು ಸೇರಿಸಿದರೆ ಒಂದು ಒಂದೂವರೆ ಗ್ಲಾಸ್ ಆಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನಾಲ್ಕೂ ಸಣ್ಣವು ಎಂದು ಮೇಲೆ ಮತ್ತೆ ಎರಡು ತರಿಸುವುದೇ ಎಲ್ಲರೂ ಮಾಡುವ ತಪ್ಪು. ಮೆನುವಿನಲ್ಲಿ ಆಲ್ಕೋಹಾಲ್ ಶೇಕಡಾ ಎಷ್ಟು ಎಂದು ಬರೆದಿರುತ್ತಾರೆ, ಬರೆದಿಲ್ಲದಿದ್ದರೆ ಕೇಳಿ. ಶೇ. 4ರ ಗ್ಲಾಸಿಗೂ ಶೇ. 7.5ರ ಗ್ಲಾಸಿಗೂ ಹತ್ತಿರಹತ್ತಿರ ಎರಡು ಪಟ್ಟು ಅಂತರ. ಮೊದಲು ಹೊಟ್ಟೆಗೆ ಏನಾದರೂ ಬೀಳಲಿ. ಒಂದು ಗ್ಲಾಸ್ ಬಿಯರ್‌ಗೆ ಒಂದು ಗ್ಲಾಸ್ ನೀರು. ಎರಡಕ್ಕೆ ನಿಲ್ಲಿಸಿದರೆ ನಿಮ್ಮ ಶನಿವಾರ ನಿಮ್ಮದಾಗಿರುತ್ತದೆ. ಪ್ರತಿ ಶುಕ್ರವಾರ ಹೋಗಲೇಬೇಕು ಅಂದರೆ ಒಂದು ವಾರ ಬರೀ ಊಟಕ್ಕೆ ಹೋಗಿ. ನಮ್ಮಲ್ಲಿ ಹಾಗೆ ಬರುವವರು ಬೇಕಾದಷ್ಟು ಜನ ಇದ್ದಾರೆ, ಯಾರೂ ತಿರುಗಿ ನೋಡುವುದಿಲ್ಲ.

ಬಿಯರ್ ಚೆನ್ನಾಗಿಲ್ಲ ಅನ್ನಿಸಿದರೆ ವಾಪಸ್ ಕೊಡಿ. ಎರಡು ಗುಟುಕಿನ ಒಳಗೆ, ಅರ್ಧ ಗ್ಲಾಸ್ ಮುಗಿಸಿ ಅಲ್ಲ. ‘ಇದರಲ್ಲಿ ಬೆಣ್ಣೆ ವಾಸನೆ ಬರ್ತಿದೆ, ಬೇರೆ ಕೊಡ್ತೀರಾ?’ ಅಂದರೆ ಸಾಕು. ವಿನಿಗರ್ ಹುಳಿ, ಒದ್ದೆ ರಟ್ಟು, ಬೇಯಿಸಿದ ಮೆಕ್ಕೆಜೋಳ, ಇವಕ್ಕೂ ಹಾಗೇ ಹೇಳಿ. ಆದರೆ ಹುಳಿಯಾಗೇ ಮಾಡುವ ಸೋರ್ ಬಿಯರ್‌ಗಳೂ ಇವೆ, ಮೆನು ಒಮ್ಮೆ ನೋಡಿಕೊಳ್ಳಿ. ಸಾಧ್ಯವಾದರೆ ವಾರದ ನಡುವೆ, ಜನ ಕಡಿಮೆ ಇರುವ ಮಧ್ಯಾಹ್ನ ಹೋಗಿ ಬ್ರೂವರ್ ಇದ್ದಾರಾ ಎಂದು ಕೇಳಿ. ಈ ಲಾಗರ್ ಎಷ್ಟು ದಿನ ಟ್ಯಾಂಕಿನಲ್ಲಿತ್ತು, ಪೈಪ್ ಯಾವಾಗ ತೊಳೆದಿರಿ ಎಂದು ಕೇಳಿ. ಒಳ್ಳೆಯ ಬ್ರೂವರ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಟ್ಯಾಂಕ್ ಹತ್ತಿರ ಕರೆದುಕೊಂಡು ಹೋಗಿ ಮಾಲ್ಟ್ ಕೈಗೆ ಕೊಟ್ಟು ಅಗಿಯಲು ಹೇಳುತ್ತಾರೆ. ಗ್ಲಾಸ್ ವಾಪಸ್ ಬಂದಾಗ ನಮಗೂ ಒಳ್ಳೆಯದೇ. ಮ್ಯಾನೇಜರ್‌ಗೆ ‘ಇನ್ನೂ ನಾಲ್ಕು ದಿನ ಬೇಕು’ ಎಂದು ಹೇಳುವುದಕ್ಕೆ ಆ ವಾಪಸ್ ಬಂದ ಗ್ಲಾಸಿಗಿಂತ ದೊಡ್ಡ ಆಧಾರ ನನಗೆ ಇನ್ನೊಂದು ಸಿಕ್ಕಿಲ್ಲ.

ಇನ್ನು ನಿಮ್ಮ ಸೋದರಮಾವನ ವಿಷಯ. ದಯವಿಟ್ಟು ಯಾವ ಬಿಯರನ್ನೂ ಕೊಡಿಸಬೇಡಿ. ನಾನು ಡಾಕ್ಟರ್ ಅಲ್ಲ, ಆದರೆ ನನ್ನ ಕೆಲಸದ ಕಾರಣ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ, ಬಲ್ಲವರನ್ನು ಕೇಳಿ ತಿಳಿದಿದ್ದೇನೆ. ಬಿಯರ್ ಕಲ್ಲನ್ನು ಕರಗಿಸುವುದಿಲ್ಲ. ಮೂತ್ರ ಜಾಸ್ತಿ ಬರುತ್ತದೆ, ಅಷ್ಟಕ್ಕೇ ಈ ನಂಬಿಕೆ ಹುಟ್ಟಿದೆ. ಆಮೇಲೆ ಮೈ ಒಣಗುತ್ತದೆ, ಅದು ಕಲ್ಲಿಗೇ ಅನುಕೂಲ. ಬಿಯರ್‌ನಲ್ಲಿರುವ ಪ್ಯೂರಿನ್‌ನಿಂದ ಯೂರಿಕ್ ಆಸಿಡ್ ಏರುತ್ತದೆ, ಅದರಿಂದಲೂ ಒಂದು ಜಾತಿಯ ಕಲ್ಲಾಗುತ್ತದೆ. ಕಲ್ಲು ದಾರಿಗೆ ಅಡ್ಡ ಕೂತಿದ್ದಾಗ ಒಮ್ಮೆಲೇ ಅಷ್ಟು ದ್ರವ ಕುಡಿದರೆ ನೋವು ತಡೆಯಲಾಗದಷ್ಟು ಏರಬಹುದು. ಸ್ಕ್ಯಾನ್ ಮಾಡಿಸಿ, ಕಲ್ಲು ಎಷ್ಟು ದೊಡ್ಡದು, ಎಲ್ಲಿದೆ ಎಂದು ನೋಡಿಸಿ. ದಿನಕ್ಕೆ ಎಷ್ಟು ನೀರು ಕುಡಿಯಬೇಕು ಎಂದು ಡಾಕ್ಟರನ್ನೇ ಕೇಳಿ. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ ಬೆಳಗಾಗಲಿ ಎಂದು ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.